ಕಿಂಡಿಯ ಆಚೆಯ ಕೈ

ನಮ್ಮ ಅತ್ತೆಯ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಎಡಗೈ ಎಲ್ಲರ ಕೈಯ ಹಾಗೆಯೇ ಇತ್ತು. ಬಲಗೈ ಮಾತ್ರ ಒಲೆಯ ಝಳಕ್ಕೆ ಸುಟ್ಟು ಸುಟ್ಟು, ಹಳೆಯ ಒನಕೆಯ ನಡುವಿನಂತೆ ನುಣ್ಣಗಾಗಿ ಹೊಳೆಯುತ್ತಿತ್ತು. ಕೆಂಡ ಸರಿಸುವುದಕ್ಕೆ ಅವಳು ಇಕ್ಕಳ ಹಿಡಿದದ್ದನ್ನು ನಾನು ನೋಡಿಲ್ಲ. “ಇಕ್ಕಳಕ್ಕೆ ಬಿಸಿ ತಿಳೀತದಾ? ಕೈಗೆ ತಿಳೀತದೆ” ಅನ್ನುತ್ತಿದ್ದಳು.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ನಾವು ತಲೆಮಾರುಗಳಿಂದ ತಮಿಳುನಾಡಿನಲ್ಲಿ ನೆಲೆಸಿದ ಕನ್ನಡ ಮನೆಮಾತಿನವರು. ಕಾಮಯಗೌಂಡನ್‌ಪಟ್ಟಿಯ ಪಕ್ಕದ ನಮ್ಮೂರಿನಲ್ಲಿ, ರಸ್ತೆಗೆ ಮುಖ ಮಾಡಿಕೊಂಡಿದ್ದ ಬ್ರಾಂದಿ ಅಂಗಡಿಯ ಅಡುಗೆ ಅವಳದು. ಮುಂದೆ ಬಾಟಲಿ ಮಾರುವ ಗಲ್ಲಾ, ಅದರ ಪಕ್ಕ ಕುಡಿಯುವವರ ಬೆಂಚುಗಳು, ಹಿಂದೆ ತೆಂಗಿನ ಗರಿ ಹೊದಿಸಿದ ಅಡುಗೆಮನೆ. ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಹೆಂಗಸರು ಮುಂದಕ್ಕೆ ಹೋಗುವಂತಿರಲಿಲ್ಲ. ಹೋಗಬೇಕೆಂದು ಅತ್ತೆಗೂ ಅನ್ನಿಸಿರಲಿಲ್ಲ. ಮೊಟ್ಟೆ, ಹುರಿದ ಕರುಳು, ಹುರಿಗಡಲೆ, ಎಲ್ಲವೂ ಆ ಕಿಂಡಿಯಿಂದಲೇ ಹೋಗುತ್ತಿದ್ದವು. ದ್ರಾಕ್ಷಿ ಚಪ್ಪರಕ್ಕೆ ಔಷಧಿ ಹೊಡೆದು, ಅಂಗಿ ಎಲ್ಲ ಮೈಲುತುತ್ತದ ನೀಲಿ ಮಾಡಿಕೊಂಡು ಬರುವ ಆಳುಗಳಿಗೆ ಅವಳ ಮುಖ ಗೊತ್ತಿರಲಿಲ್ಲ, ಕೈ ಗೊತ್ತಿತ್ತು. ಅವಳಿಗೂ ಅವರ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು.

ದನಿ ಕೇಳಿಯೇ ಅವಳು ಹೊಟ್ಟೆ ಅಳೆಯುತ್ತಿದ್ದಳು. ಒಬ್ಬ ಕೆಮ್ಮಿನವನಿದ್ದ. “ಅಕ್ಕಾ, ಕುಡಲ್ ಒಂದು!” ಎಂದು ಅವನು ಕೂಗಿದರೆ ಕಿಂಡಿಯಿಂದ ಹೊರಗೆ ಬರುತ್ತಿದ್ದದ್ದು ಹುರಿದ ಕರುಳಲ್ಲ, ಅನ್ನ ಸಾರು. ಅವನು ರೇಗಿದರೆ ಒಳಗಿನಿಂದಲೇ ಗದರುತ್ತಿದ್ದಳು. ಯಾರಾದರೂ ಕೇಳಿದರೆ ಅವಳ ಉತ್ತರ ಒಂದೇ: “ಕುಡಿದೋನ ಒಟ್ಟೆ ಖಾಲಿ ಇರಬಾರ್ದು. ಖಾಲಿ ಒಟ್ಟೆ ಮನೆಗೋಗಿ ಎಂಡ್ರ ಒಡೀತದೆ.” ಇದು ಅವಳು ಎಲ್ಲಿಂದಲೋ ಕೇಳಿ ಕಲಿತ ಗಾದೆಯಲ್ಲ. ಅವಳ ಗಂಡ, ನಮ್ಮ ಮಾಮ, ಕುಡಿದೇ ಸತ್ತವನು. ಸಾಯುವ ತನಕ ಆ ಹೊಡೆತ ತಿಂದವಳು ಅವಳು. ಮಕ್ಕಳಿರಲಿಲ್ಲ. ಅವನು ಹೋದ ಮೇಲೆ ನಮ್ಮ ಹಿತ್ತಲ ಕೋಣೆಗೆ ಬಂದವಳು, ಅವನು ಕುಡಿಯುತ್ತಿದ್ದ ಅಂಗಡಿಗೇ ಅಡುಗೆಗೆ ಸೇರಿದಳು. ನಮ್ಮ ಜನಕ್ಕೆ ಮೂಗಿನ ತುದಿಯಲ್ಲೇ ಮಾನ. ಅಪ್ಪ ಒಂದು ವರ್ಷ ಅವಳ ಜೊತೆ ಮಾತಾಡಲಿಲ್ಲ. ಅವಳು ಅದನ್ನು ಗಮನಿಸಿದ ಹಾಗೆ ತೋರಿಸಿಕೊಳ್ಳಲೂ ಇಲ್ಲ.

ಆ ಅಡುಗೆಮನೆಯ ಒಲೆ ಅವಳೇ ಕೆಮ್ಮಣ್ಣು ಕಲಸಿ ಹಾಕಿದ್ದು. ಅದಕ್ಕೆ ಬೆಂಕಿ ಬಂದದ್ದು ಬೆಂಕಿಪೊಟ್ಟಣದಿಂದಲ್ಲ. ನಮ್ಮ ಮನೆಗಳಲ್ಲಿ ಹೊಸ ಒಲೆಗೆ ಕಡ್ಡಿ ಗೀರುವುದಿಲ್ಲ. ಮನೆಯ ಹಿರಿಯ ಹೆಂಗಸು ಹಳೆಯ ಒಲೆಯ ಕೆಂಡವನ್ನು ಮಡಕೆಯಲ್ಲಿ ತಂದು ಹಾಕಬೇಕು. ಅರ್ಧ ಕೆಂಡ ಹಳೆಯ ಒಲೆಯಲ್ಲೇ ಬಿಟ್ಟು ಬರಬೇಕು, ಪೂರ್ತಿ ಬಾಚಬಾರದು. ಮದುವೆ ಸೀಮಂತಗಳಲ್ಲಿ ಗೋಡೆಗೆ ಒರಗಿ ಕೂತಿರಬೇಕಾದ ವಿಧವೆಯೂ ಈ ಒಂದು ಕೆಲಸಕ್ಕೆ ಮುಂದೆ ಬರಬಹುದು. “ತಾಲಿ ಇದ್ದೋಳಾ ಇಲ್ದೋಳಾ ಅಂತ ಬೆಂಕಿ ಕೇಳಾದಿಲ್ಲ” ಎಂದು ಅತ್ತೆ ಹೇಳುವಾಗ ಅವಳ ದನಿಯಲ್ಲಿ ಸಣ್ಣ ಗತ್ತು ಇರುತ್ತಿತ್ತು. ದಿನವೂ ಅಂಗಡಿ ಮುಚ್ಚುವಾಗ ಕೆಂಡಕ್ಕೆ ಬೂದಿ ಹೊದಿಸುವಳು, ಬೆಳಿಗ್ಗೆ ಬಂದು ಊದುವಳು. ಅವಳ ಒಲೆ ಆರಿದ್ದನ್ನು ಯಾರೂ ಕಂಡಿಲ್ಲ.

ನಾನು ಉತ್ತಮಪಾಳಯದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ದಿನಗಳಲ್ಲಿ, ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ತೇಕ್ಕಡಿಗೆ ಹೋಗುವ ಪ್ರವಾಸಿಗಳ ಕಾರುಗಳು ನಮ್ಮ ರಸ್ತೆಯಲ್ಲಿ ಹೆಚ್ಚಾದವು. ದಿಂಡಿಗಲ್ಲಿನ ಒಂದು ಬಿರಿಯಾನಿ ಕಂಪನಿಯವರು ಊರೂರಿಗೆ ಹೋಟೆಲು ತೆರೆಯುತ್ತಿದ್ದರು. ಅಂಗಡಿಯ ಮೊದಲಾಳಿ, ಅಂದರೆ ಯಜಮಾನ, ಜಾಗವನ್ನು ಅವರಿಗೆ ಕೊಟ್ಟು, ಬ್ರಾಂದಿ ವ್ಯಾಪಾರವನ್ನು ಊರಾಚೆ ತೋಪಿನ ಹತ್ತಿರಕ್ಕೆ ಸಾಗಿಸಿದ. ಅಲ್ಲಿ ಬಾಟಲಿ ಮಾತ್ರ, ಅಡುಗೆ ಇಲ್ಲ.

“ಅಕ್ಕಾ, ಇನ್ನು ಇದು ಫ್ಯಾಮಿಲಿ ರೆಸ್ಟೋರೆಂಟು. ಹೆಂಗಸರು ಮಕ್ಕಳು ಬಂದು ಕೂತು ಉಣ್ಣೋ ಜಾಗ. ನಿಮ್ಮ ಕೈಗೆ ಇಲ್ಲಿ ಕೆಲಸ ಇಲ್ಲದೇ ಇರುತ್ತಾ?” ಎಂದು ತಮಿಳಿನಲ್ಲಿ ನಯವಾಗಿ ಹೇಳಿಹೋದ. ಮೊದಲಾಳಿಗಳ ಬಾಯಿಮಾತು ಗಾಳಿಮಾತು ಎಂದು ಅಪ್ಪ ಎಚ್ಚರಿಸಿದ. ಅತ್ತೆ ನಂಬಿದಳು. ಅಡುಗೆಮನೆ ಕೆಡವುವ ದಿನ ಬೆಳಿಗ್ಗೆಯೇ ಹೋಗಿ, ಆ ಕೆಂಡವನ್ನು ಮಡಕೆಯಲ್ಲಿ ತಂದು ನಮ್ಮ ಬಚ್ಚಲ ಒಲೆಗೆ ಹಾಕಿದಳು. ಕಟ್ಟಡ ಏಳುವ ತನಕ ತೆಂಗಿನ ಚಿಪ್ಪು, ಹೊಟ್ಟು ಹಾಕಿ ಅದನ್ನು ಕಾದಳು. “ಮನೆ ದೊಡ್ಡದಾಯ್ತದೆ ಕಣವ್ವ. ಬೆಂಕಿ ಹಳೇದೇ ಇರ್ಲಿ” ಅಂದಳು ನನಗೆ.

ತೆರೆಯುವ ದಿನ ಬಂತು. ಅತ್ತೆ ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೊಸ ಮಡಕೆಯಲ್ಲಿ ಅರ್ಧ ಕೆಂಡ ತುಂಬಿಕೊಂಡು ಹೊರಟಳು. ಜೊತೆಗೆ ನಾನೂ ಹೋದೆ. ಬಾಗಿಲಿಗೆ ಬಾಳೆಕಂಬ, ಒಳಗೆ ನಾದಸ್ವರ. ಕಿಂಡಿ ಇದ್ದ ಗೋಡೆಯನ್ನು ನುಣ್ಣಗೆ ಗಾರೆ ಮಾಡಿ, ಅಪ್ಪ ಅಮ್ಮ ಎರಡು ಮಕ್ಕಳು ನಗುತ್ತಾ ಉಣ್ಣುವ ಚಿತ್ರ ಬರೆಸಿದ್ದರು. ಅತ್ತೆ ಜೀವಮಾನದಲ್ಲಿ ಮೊದಲ ಸಲ ಆ ಕಟ್ಟಡದ ಮುಂಬಾಗಿಲಿನ ಮೆಟ್ಟಿಲಿಗೆ ಕಾಲಿಟ್ಟಳು.

ದಿಂಡಿಗಲ್ಲಿನಿಂದ ಬಂದಿದ್ದ ಮ್ಯಾನೇಜರು ಅವಳ ತಾಳಿಯಿಲ್ಲದ ಕತ್ತನ್ನು ನೋಡಿದ, ಕೈಯ ಮಡಕೆ ನೋಡಿದ, ಅದರಿಂದ ಏಳುವ ಹೊಗೆ ನೋಡಿದ.

“ನಲ್ಲ ನಾಳುಲ ಕೊಳ್ಳಿಚಟ್ಟಿ ತೂಕ್ಕಿಟ್ಟು ವರ್ರಿಯೇ, ಯಾರಮ್ಮಾ ನೀ?” ಎಂದು ಕಿರುಚಿದ. ಒಳ್ಳೆಯ ದಿನ ಹೆಣದ ಮುಂದೆ ಹಿಡಿಯುವ ಬೆಂಕಿಯ ಮಡಕೆ ತಂದಿದ್ದೀಯಲ್ಲ, ಎಂದು. ನಾದಸ್ವರ ನಿಂತಿತು. ತನ್ನ ತಪ್ಪೇನೆಂದು ಅತ್ತೆಗೆ ಅರ್ಥವಾಗಲಿಲ್ಲ. ನಮ್ಮ ಮನೆಮಾತಿನಲ್ಲೇ, “ಇದು ಒಲೆಗೆ ಸಾಮೀ, ಇಲ್ಲೀದೇ ಬೆಂಕಿ” ಎಂದು ಮಡಕೆಯನ್ನು ಮುಂದಕ್ಕೆ ಚಾಚಿದಳು. ಯಾರೋ ಒಬ್ಬ ಬಕೆಟ್ಟು ತಂದು ಅದರ ಮೇಲೆ ನೀರು ಸುರಿದುಬಿಟ್ಟ. ಚೊಂಯ್ ಎಂದಿತು. ಬೂದಿ ನೀರು ಅವಳ ಸೀರೆಯ ಮೇಲೆಲ್ಲ ಇಳಿಯಿತು. ಮೊದಲಾಳಿ ಅಲ್ಲೇ ಇದ್ದ, ತನ್ನ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಕಾದ ಕಾವಲಿಗೆ ನೀರು ಬಿದ್ದ ಸದ್ದು ಕೇಳಿದರೆ ನನಗೆ ಈಗಲೂ ಅಳು ಬರುತ್ತದೆ.

ನಾನು ಜಗಳಕ್ಕೆ ನಿಂತೆ. ಅತ್ತೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ದಾರಿಯಲ್ಲಿ ಅಂದದ್ದು ಇಷ್ಟೇ: “ಅವ್ರದು ತಪ್ಪಿಲ್ಲ. ಅವ್ರಿಗೆ ಮಡಕೇಲಿ ಬೆಂಕಿ ಅಂದ್ರೆ ಬರೀ ಸಾವು. ನಾ ಕೇಳ್ಕಂಡು ಓಗ್ಬೇಕಾಗಿತ್ತು.” ಯಾರನ್ನು ಕೇಳಬೇಕಿತ್ತು ಅತ್ತೆ? ಬೇಸರವಾದರೂ ಸಿಟ್ಟಾದರೂ ಅವಳಿಗೆ ಬಂದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆ ಹೋಟೆಲಿನಲ್ಲಿ ಗ್ಯಾಸಿನ ಒಲೆಗಳಿದ್ದವು, ಮಸಾಲೆ ದಿಂಡಿಗಲ್ಲಿನಿಂದ ವ್ಯಾನಿನಲ್ಲಿ ಬರುತ್ತಿತ್ತು. ಬಿರಿಯಾನಿ ಚೆನ್ನಾಗಿಯೇ ಇರುತ್ತಿತ್ತಂತೆ. ನಾವು ಉಣ್ಣಲಿಲ್ಲ.

ಸಂಜೆ ಹೊತ್ತು ಅತ್ತೆ ನಮ್ಮ ಜಗುಲಿಯ ಮೇಲೆ ಕೂರತೊಡಗಿದಳು. ತೋಪಿನಿಂದ ಕುಡಿದು ಬರುವವರು ನಮ್ಮ ಬೀದಿಯಲ್ಲೇ ಹಾದುಹೋಗಬೇಕು. ಕಣ್ಣು ಮುಚ್ಚಿಕೊಂಡು ದನಿ ಕೇಳುವಳು. “ಇವನು ಉಂಡಿಲ್ಲ” ಅನ್ನುವಳು. “ಇವನೂ ಉಂಡಿಲ್ಲ.” ಒಂದು ದಿನ ಆ ಕೆಮ್ಮು ಕೇಳಿಸಿತು. ಎದ್ದು, ಒಳಗಿಂದ ಅನ್ನದ ತಟ್ಟೆ ತಂದು ಬೀದಿಗಿಳಿದು, “ಬಾ, ಉಂಡ್ಕಂಡು ಓಗು” ಎಂದಳು. ಅವನು ಕತ್ತಲಲ್ಲಿ ಅವಳ ಮುಖವನ್ನೇ ನೋಡಿದ, ಕೈಯತ್ತ ನೋಡಲಿಲ್ಲ. “ಯಾರಮ್ಮಾ ನೀನು?” ಎಂದು ಕೇಳಿ, ತೂರಾಡುತ್ತಾ ಹೋದ. ಅತ್ತೆ ಆ ತಟ್ಟೆಯನ್ನು ಹಾಗೆಯೇ ಒಳಗೆ ತಂದಿಟ್ಟಳು. ಆಮೇಲೆ ಜಗುಲಿಗೆ ಬರಲಿಲ್ಲ. ಬಚ್ಚಲ ಒಲೆಯ ಮುಂದೆಯೇ ಕೂತಿರುವಳು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಮುಂದಿನ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ, ಒಂದು ಬೆಳಿಗ್ಗೆ, ಆ ಒಲೆಯ ಪಕ್ಕದಲ್ಲೇ ಹೋಗಿಬಿಟ್ಟಳು.

ತಮಟೆಯ ಸದ್ದಿಗೆ ತೋಟದ ಆಳುಗಳು ನೀಲಿ ಅಂಗಿಯಲ್ಲೇ ಬಂದು ದೂರ ನಿಂತರು, ಊರಿನಲ್ಲಿ ಸಾವಾದರೆ ಬರಬೇಕಲ್ಲ ಎಂಬಂತೆ. ಸತ್ತವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅಮ್ಮ ಹೊದಿಕೆ ಸರಿಮಾಡುವಾಗ ಬಲಗೈ ಹೊರಗೆ ಜಾರಿತು. ಕೆಮ್ಮಿನವನು ಹತ್ತಿರ ಬಂದ. ಆ ನುಣುಪಾದ ಕೈಯನ್ನು ನೋಡಿದ, ಮುಖ ನೋಡಿದ, ಮತ್ತೆ ಕೈ ನೋಡಿದ. “ಅಕ್ಕಾ!” ಎಂದು ನೆಲಕ್ಕೆ ಕುಸಿದು ಅತ್ತ. ಒಬ್ಬೊಬ್ಬರಾಗಿ ಉಳಿದವರೂ ಬಂದರು. ನಮ್ಮ ನೆಂಟರು ಯಾರೂ ಅವಳಿಗಾಗಿ ಹಾಗೆ ಅಳಲಿಲ್ಲ.

ಹೆಣದ ಮುಂದೆ ಅಪ್ಪ ಹಿಡಿದ ಮಡಕೆಗೆ ಬೆಂಕಿ ಹೋದದ್ದು ಬಚ್ಚಲ ಒಲೆಯಿಂದ. ನಾನೇ ತುಂಬಿಕೊಟ್ಟೆ. ಅರ್ಧ ಒಲೆಯಲ್ಲೇ ಬಿಟ್ಟೆ.

ಸುಡುಗಾಡಿನಿಂದ ಗಂಡಸರು ತಿರುಗಿ ಬಂದಾಗ ಆಳುಗಳೂ ಬಂದರು. ಸಾವಿಗೆ ಹೋದವರು ಕುಡಿಯುವುದು ನಮ್ಮ ಕಡೆಯ ಪದ್ಧತಿ, ಚೆನ್ನಾಗಿಯೇ ಕುಡಿದಿದ್ದರು. ಹಿತ್ತಲಲ್ಲಿ, ಬಚ್ಚಲ ಗೋಡೆಯ ಹೊರಗೆ ಗುಂಪಾಗಿ ಕೂತರು. ನಾನು ಅವರ ದನಿ ಕೇಳಿದೆ. ಯಾರೂ ಉಂಡಿರಲಿಲ್ಲ. ಪಾತ್ರೆ ತಂದು ಒಲೆಯ ಮೇಲಿಟ್ಟು ಅಕ್ಕಿ ಸುರಿದೆ.

ಅಮ್ಮ ಓಡಿಬಂದಳು. “ಸತ್ತ ಮನೇಲಿ ಒಲೆ ಅಚ್ಚಬಾರ್ದಡಿ!”

ಮನೆಯಲ್ಲಿ ಯಾರು ಕನ್ನಡದಲ್ಲಿ ಮಾತಾಡಿಸಿದರೂ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದವಳು ನಾನು. ಅವತ್ತು ಬಾಯಿಗೆ ಬಂದದ್ದು ಅತ್ತೆಯ ಮಾತು. “ನಾನೆಲ್ಲಿ ಅಚ್ಚಿದೆ ಅವ್ವಾ? ಅದು ಆರೇ ಇಲ್ಲ.”

ಬಚ್ಚಲ ಗೋಡೆಯಲ್ಲಿ ಹೊಗೆ ಹೋಗಲಿಕ್ಕೆ ಒಂದು ಕಿಂಡಿ ಇತ್ತು. ಅನ್ನ ಸಾರು ಆದ ಮೇಲೆ ತಟ್ಟೆಗೆ ಹಾಕಿ ಅದರಿಂದ ಹೊರಗೆ ನೀಡಿದೆ. ಯಾರೋ ತಟ್ಟೆ ತೆಗೆದುಕೊಂಡರು. ಇನ್ನೊಂದು ನೀಡಿದೆ, ಮತ್ತೊಂದು ನೀಡಿದೆ. ಸ್ವಲ್ಪ ಹೊತ್ತಿಗೆ ಕೆಮ್ಮು ಕೇಳಿಸಿತು, ಅದರ ಹಿಂದೆಯೇ ಖಾಲಿ ತಟ್ಟೆ ಕಿಂಡಿಗೆ ಬಂತು.

“ಅಕ್ಕಾ, ಇನ್ನೊಂಚೂರು.”

ಹಾಕಿ ಕೊಟ್ಟೆ.