ಅಪ್ಪನ ಬಂದೂಕಿನ ಅಳತೆ

ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಎಲ್ಲರೂ ಇಟ್ಟಿದ್ದ ಹೆಸರು ಗಡಿಬಿಡಿ. ಕೂತಲ್ಲಿ ಕೂರುವ ಆಸಾಮಿಯೇ ಅಲ್ಲ. ಗಿರಾಕಿಯ ಮುಖಕ್ಕೆ ಫ್ರೇಮು ಕೂರಿಸುವಾಗ ಮಾತ್ರ ಅವಳ ಕೈ ನಿಧಾನವಾಗುತ್ತಿತ್ತು. ಮೂಗಿನ ಮೇಲೆ ಜಾರುತ್ತಾ, ಕಿವಿಯ ಹಿಂದೆ ಒತ್ತುತ್ತಾ ಎಂದು ಹತ್ತು ಸಲ ಕೇಳುವಳು. "ಇರ್ಲಿ ಬಿಡಮ್ಮ, ಅಭ್ಯಾಸ ಆಗತ್ತೆ" ಎಂದು ಯಾರಾದರೂ ಎದ್ದರೆ ಮುಗಿಯಿತು, "ಅಭ್ಯಾಸ ಮಾಡ್ಕೊಳ್ಳೋಕೆ ಇದೇನು ಹೊಸ ಸೊಸೇನಾ? ಕೂತ್ಕೊಳ್ಳಿ" ಎಂದು ಗದರಿ ಕೂರಿಸುವಳು.

ಇಂಥವಳು ಭಾನುವಾರ ಬಂತೆಂದರೆ ತನ್ನ ಮೈಗೆ ಒಪ್ಪದ ಬಂದೂಕು ಹೊತ್ತು ಊರಾಚೆಯ ಕ್ಲಬ್ಬಿಗೆ ಹೊರಡುತ್ತಿದ್ದಳು. ಬಂದೂಕು ಅಪ್ಪನದು. ಯಂತ್ರ ಆಕಾಶಕ್ಕೆ ಎಸೆಯುವ ಮಣ್ಣಿನ ಬಿಲ್ಲೆಗಳನ್ನು ಅಪ್ಪ ಅದರಿಂದ ಎಷ್ಟೋ ವರ್ಷ ಪುಡಿಪುಡಿ ಮಾಡಿದ್ದ. ಪಾರ್ಶ್ವವಾಯು ಹೊಡೆದು ಬಲಗೈ ಸೋತ ಮೇಲೆ ಅದು ಮಗಳ ಪಾಲಿಗೆ ಬಂತು. ಅಪ್ಪ ಬಾಗಿಲಲ್ಲಿ ತಲೆ ಬಗ್ಗಿಸಿ ನಡೆಯುವ ಆಳು, ಮಗಳು ಅವನ ಎದೆಮಟ್ಟ. ಭುಜಕ್ಕೆ ಆನಿಸುವ ಬಂದೂಕಿನ ಮರದ ಹಿಡಿ ಅವನ ತೋಳಿನ ಉದ್ದಕ್ಕೆ ಮಾಡಿಸಿದ್ದು. ಅವಳು ಎತ್ತುವಾಗ ಅದು ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು, ಭುಜ ಬಿಟ್ಟು ತೋಳಿನ ಮೇಲೆ ಕೂರುತ್ತಿತ್ತು. ಅಷ್ಟರಲ್ಲಿ ಬಿಲ್ಲೆ ಹುಲ್ಲಿನ ಮೇಲೆ ಬಿದ್ದಿರುತ್ತಿತ್ತು.

ತಪ್ಪು ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೈದದ್ದು ಚೋಕನ್ನು. ಚೋಕೆಂದರೆ ನಳಿಗೆಯ ತುದಿಗೆ ತಿರುಗಿಸಿ ಹಾಕುವ ಪುಟ್ಟ ಕೊಳವೆ. ಬಿಗಿಯಾದದ್ದು ಹಾಕಿದರೆ ತೋಟಾದ ಸಣ್ಣ ಗುಂಡುಗಳು, ಅಂದರೆ ಚರೆ, ಒತ್ತಾಗಿ ದೂರ ಹೋಗುತ್ತದೆ, ಸಡಿಲವಾದದ್ದು ಹಾಕಿದರೆ ಹತ್ತಿರದಲ್ಲೇ ಹರಡುತ್ತದೆ. ಅವಳು ಒಂದು ಸುತ್ತಿಗೆ ಬಿಗಿ, ಇನ್ನೊಂದಕ್ಕೆ ಸಡಿಲ, ಮತ್ತೊಂದಕ್ಕೆ ಮಧ್ಯಮ ಎಂದು ಬದಲಾಯಿಸಿದ್ದೇ ಬದಲಾಯಿಸಿದ್ದು. ಜೊತೆಗಾರರು ಗುಂಡು ಹಾರಿಸುವ ಹೊತ್ತಿನಲ್ಲಿ ಇವಳು ತಿರುಪು ತಿರುಗಿಸುತ್ತಾ ಕೂತಿರುತ್ತಿದ್ದಳು.

ಕೊನೆಗೆ ಇನ್ನೊಂದು ಚೋಕು ಕೇಳಿಕೊಂಡು ಬಂದೂಕು ರಿಪೇರಿಯವನ ಹತ್ತಿರ ಹೋದಳು. ಅವನು ಅವಳಿಂದ ಎರಡು ಸಲ ಬಂದೂಕು ಎತ್ತಿಸಿ ನೋಡಿದ.

"ಮೇಡಂ, ಚರೆ ಹರಡೋದು ಆಮೇಲಿನ ಮಾತು. ಮೊದ್ಲು ಅದು ನೀವು ನೋಡೋ ಕಡೆಗೆ ಹೋಗ್ಬೇಕಲ್ಲ? ಹಿಡಿ ಎರಡು ಬೆರಳು ಕತ್ತರಿಸ್ಬೇಕು."

"ಕತ್ತರಿಸಿದ್ರೆ ಅಪ್ಪನಿಗೆ ಆಗಲ್ವಲ್ಲ."

"ಅವ್ರು ಹೊಡೀತಾರಾ ಈಗ?"

ಅವಳು ಬಂದೂಕು ಅಲ್ಲೇ ಬಿಟ್ಟು ಬಂದಳು. ಬರುವ ಭಾನುವಾರ ಕ್ಲಬ್ಬಿನ ತಂಡಕ್ಕೆ ಆಯ್ಕೆ. ಅಪ್ಪ ಆಡಿದ ತಂಡ. ಅದರಲ್ಲಿ ಒಂದು ಜಾಗ ಸಿಗಲಿ ಎಂದು ಅವಳು ಬಾಯಿಬಿಟ್ಟು ಹೇಳದಿದ್ದರೂ ಜೀವ ಬಿಗಿಹಿಡಿದು ಕಾಯುತ್ತಿದ್ದಳು. ಆದರೆ ಹಿಡಿಗೆ ಗರಗಸ ಹಾಕಿದರೆ, ಅಪ್ಪಾ ನಿನ್ನ ಆಟ ಮುಗಿಯಿತು ಎಂದು ತಾನೇ ಹೇಳಿದಂತಾಗುತ್ತದಲ್ಲ? ಕೈಗೆ ಶಕ್ತಿ ಎಷ್ಟು ಮರಳಬೇಕೋ ಅಷ್ಟು ಮರಳಿಯಾಯಿತು ಎಂದು ಡಾಕ್ಟರೇನೋ ಹೇಳಿದ್ದರು. ಹಾಗಂತ ಅಪ್ಪ ಒಪ್ಪಿದ್ದನೇ? ಕೇಳುವ ಧೈರ್ಯ ಅವಳಿಗಿರಲಿಲ್ಲ.

ಮರುದಿನ ಅಂಗಡಿಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು. ರಿಪೇರಿಯವನಿಗೆ ಫೋನು ಮಾಡಿ "ಕತ್ತರಿಸ್ಬೇಡಿ" ಎಂದಳು. ಒಬ್ಬರು ಮುದುಕರಿಗೆ ಮಗುವಿನ ಫ್ರೇಮು ತೊಡಿಸಿ ನಾಲಿಗೆ ಕಚ್ಚಿಕೊಂಡಳು. ಮತ್ತೆ ಫೋನು ಮಾಡಿ "ಕತ್ತರಿಸಿ" ಎಂದಳು. ಊಟದ ಡಬ್ಬಿ ಮುಚ್ಚಳ ತೆಗೆಯದೆ ಮನೆಗೆ ವಾಪಸ್ ಹೋಯಿತು.

ಶನಿವಾರ ಬಂದೂಕು ಮನೆಗೆ ತಂದಾಗ ಅಪ್ಪ ಕಿಟಕಿಯ ಪಕ್ಕ ಕೂತಿದ್ದ.

"ಕೊಡಿಲ್ಲಿ" ಎಂದ.

"ಒರೆಸಿ ಆಗಿದೆ ಅಪ್ಪ. ಬೇಡ."

"ಕೊಡೇ, ನಿಂಗೊಂದು ತೋರಿಸ್ಬೇಕು."

ಕೊಡದೆ ವಿಧಿಯಿರಲಿಲ್ಲ. ಅಪ್ಪ ಬಂದೂಕನ್ನು ಮಡಚಿ, ನಳಿಗೆ ಎರಡೂ ಖಾಲಿ ಇರುವುದನ್ನು ನೋಡಿ, ಎದ್ದು ನಿಂತ. ಆಮೇಲೆ ಬಲಗೈ ಮೇಲೆದ್ದಿತು. ನಡುಗಿತು, ತಡೆಯಿತು, ಆದರೂ ಎದ್ದಿತು. ಬಂದೂಕು ಭುಜಕ್ಕೆ ಹೋಗಿ ಕೂತಿತು. ಆದರೆ ಹಿಡಿ ಈಗ ಗಿಡ್ಡ, ಹಿಡಿದ ಕೈಯ ಹೆಬ್ಬೆರಳು ಹೋಗಿ ಅವನ ಮೂಗಿಗೆ ಬಡಿಯಿತು.

ಅಪ್ಪ ಬಂದೂಕು ಇಳಿಸಿ, ಹೊಸದಾಗಿ ಕೊಯ್ದ ಮರದ ಅಂಚನ್ನು ಬೆರಳಿಂದ ಸವರಿದ.

"ನೀನು ಅಂಗಡಿಗೆ ಹೋದ್ಮೇಲೆ ದಿನಾ ಈ ಕೈಯಲ್ಲಿ ನೀರಿನ ಬಾಟ್ಲಿ ಎತ್ತಿ ಎತ್ತಿ ಇಳಿಸ್ತಿದ್ದೆ" ಎಂದ. "ನಿಂಗೆ ಹೇಳ್ದೆ ಇದ್ದಿದ್ದು ನನ್ನ ತಪ್ಪು."

"ನಾನು ಕೇಳ್ಬೇಕಿತ್ತಪ್ಪಾ" ಎಂದವಳು ಅಳತೊಡಗಿದಳು. ಊರಿನವರ ಮೂಗು ಕಿವಿಗಳನ್ನೆಲ್ಲ ಹತ್ತು ಸಲ ವಿಚಾರಿಸಿದವಳು ಮನೆಯಲ್ಲಿದ್ದ ಒಬ್ಬನನ್ನು ಒಂದು ಸಲವೂ ಕೇಳಿರಲಿಲ್ಲ.

"ಕೇಳಿದ್ರೆ ಕತ್ತರಿಸ್ಬೇಡ ಅಂತಿದ್ದೆ" ಎಂದ ಅಪ್ಪ. ಸುಳ್ಳು ಹೇಳಿ ಸಮಾಧಾನ ಮಾಡುವ ಪೈಕಿ ಅಲ್ಲ ಅವನು. "ಕಣ್ಣು ಒರೆಸ್ಕೋ. ಎತ್ತು, ನೋಡೋಣ."

ಅವಳು ಎತ್ತಿದಳು. ಎಲ್ಲೂ ಸಿಕ್ಕದೆ ಬಂದೂಕು ನೇರ ಭುಜಕ್ಕೆ ಬಂತು, ಕೆನ್ನೆ ತಾನಾಗಿ ಮರಕ್ಕೆ ಒರಗಿತು. ಜೀವನದಲ್ಲಿ ಮೊದಲ ಸಲ, ಒಂದು ವಸ್ತು ಅಳತೆಗೆ ಕೂರದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಅಳತೆ ಕೂತಿದೆಯೇ ಎಂದು ಅಪ್ಪ ಖಾಲಿ ನಳಿಗೆಯ ಎದುರಿಗೆ ಬಂದು, ಒಂದು ಕಣ್ಣು ಮುಚ್ಚಿ, ಅದರ ನೇರದಲ್ಲಿ ಅವಳ ಕಣ್ಣನ್ನೇ ನೋಡಿದ. ಬಹಳ ಹೊತ್ತು ನೋಡಿದ.

"ಸರಿಯಾಗಿದೆ. ಇನ್ಮೇಲೆ ಇದು ನಿಂದು" ಎಂದ.

ನನಗೆ ಬೇಡ ಎಂಬ ಮಾತು ಬಾಯಿಯವರೆಗೆ ಬಂತು. ಆದರೆ ಅಪ್ಪ ಇನ್ನೂ ನೋಡುತ್ತಲೇ ಇದ್ದ. ಗಡಿಬಿಡಿ ಅಲುಗದೆ ನಿಂತಳು.