ದವಡೆಯಿಲ್ಲದ ಮೀನಿನ ನೆಂಟಸ್ತಿಕೆ

ಕವಚಮೀನಿನ ಪಾಠ ಶುರುಮಾಡುವಾಗ ಶ್ರೀಕಂಠಯ್ಯ ಮೇಷ್ಟ್ರು ಕೆಳದವಡೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಮಾತಾಡುತ್ತಿದ್ದರು. ಎಂದೋ ಅಳಿದುಹೋದ ಆ ಮೀನುಗಳಿಗೆ ದವಡೆಯಿರಲಿಲ್ಲ, ಮೈಮೇಲೆ ಮೂಳೆಯ ಫಲಕಗಳಿದ್ದವು ಎಂಬುದು ಕೊನೆಯ ಬೆಂಚಿಗೂ ಮನದಟ್ಟಾಗುತ್ತಿತ್ತು. ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಹೊಸಕೋಟೆಯ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಹೇಳುತ್ತಿದ್ದೆ. ಪಕ್ಕದ ಅವರ ಕೊಠಡಿಯ ನಗು ನನ್ನ ಪಾಠವನ್ನು ಕೆಡಿಸುತ್ತಿತ್ತು. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಜೇಡಿಮಣ್ಣಿನಲ್ಲಿ ಮೀನು ಮಾಡಿ, ಕರಟದ ಚೂರುಗಳನ್ನು ಕವಚವಾಗಿ ಒತ್ತಿ, ವಿಂಗಡಿಸಿ ಎಂದು ಮಕ್ಕಳ ಮುಂದಿಡುತ್ತಿದ್ದರು. ವರ್ಗೀಕರಣವೆಂದರೆ ಅವರಿಗೆ ನೆಂಟಸ್ತಿಕೆ ಹುಡುಕುವ ಕೆಲಸ. "ಆಕಾರ ನೋಡ್ರಪ್ಪಾ, ಯಾವ ಮನೆತನ ಅಂತ ಗೊತ್ತಾಗ್ಬಿಡುತ್ತೆ" ಎನ್ನುತ್ತಿದ್ದರು.

ಅನುಗೊಂಡನಹಳ್ಳಿಯಿಂದ ಬರುತ್ತಿದ್ದ ಜಯಮ್ಮ ಒಮ್ಮೆ ಚಪ್ಪಟೆ ಮೀನನ್ನು ಉದ್ದ ಮೂತಿಯವುಗಳ ಗುಂಪಿಗೆ ಸೇರಿಸಿದಳಂತೆ. ಆಕಾರ ಬೇರೆಯಾದರೂ ಫಲಕಗಳ ಜೋಡಣೆ ಒಂದೇ ಥರ ಇದೆ ಎಂಬುದು ಅವಳ ವಾದ. ಮೇಷ್ಟ್ರು, "ಜಾತಕ ಕೂಡಿಬಂತೇನಮ್ಮ?" ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ನಗು ಸಿಕ್ಕರೆ ಬಿಡುವವರಲ್ಲ ಅವರು. ಅವಳು ಎದುರಾದಾಗಲೆಲ್ಲ ಮದುವೆಯ ದಿಬ್ಬಣ ಎಲ್ಲಿಗೆ ಬಂತೆಂದು ಕೇಳುತ್ತಿದ್ದರು. ಸ್ವಲ್ಪ ದಿನದಲ್ಲೇ ಅವಳು ಕಾಲೇಜು ಬಿಟ್ಟಳು. ಮದುವೆ ಗೊತ್ತಾಗಿರಬೇಕು ಎಂದುಕೊಂಡೆವು.

ಮುಂದೊಂದು ಬೇಸಿಗೆಯಲ್ಲಿ ಮೇಷ್ಟ್ರು ಬೆಂಗಳೂರಿಗೆ ಹೋಗಿ ಹೊಸ ಪುಸ್ತಕವೊಂದನ್ನು ಓದಿ ಬಂದರು. ಅದರಲ್ಲಿ ಚಪ್ಪಟೆ ಮೀನನ್ನು ಜಯಮ್ಮ ಇಟ್ಟ ಕಡೆಯೇ ಇಟ್ಟಿದ್ದರು. "ಮುಖ ತೋರ್ಸೋಕೆ ನಾಚ್ಕೆ ಆಗುತ್ತೆ ಕಣ್ರೀ. ಆದ್ರೂ ಹೋಗಿ ಹೇಳ್ಬೇಕು, ನೀವೂ ಬನ್ನಿ" ಎಂದು ನನ್ನನ್ನು ಹೊರಡಿಸಿದರು.

ಜಯಮ್ಮ ಅನುಗೊಂಡನಹಳ್ಳಿಯಲ್ಲೇ ಸಂಸಾರ ಹೂಡಿದ್ದಳು. ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟಳು. ಮೇಷ್ಟ್ರು ಚೀಲದಿಂದ ಮಣ್ಣಿನ ಮೀನುಗಳನ್ನು ತೆಗೆದಿಟ್ಟು, ಫಲಕಗಳನ್ನು ಒಂದೊಂದಾಗಿ ಮುಟ್ಟಿ ತೋರಿಸುತ್ತಾ ತಾವೇ ತಪ್ಪಿದ್ದು ಎಂದರು. ಅವಳು ಪೂರ್ತಿ ಕೇಳಿಸಿಕೊಂಡಳು.

"ಮೀನಿನ್ ವಿಚಾರ ಬಿಡಿ ಸಾ, ಅದು ಯಾರ್ಗಾದ್ರೂ ತಪ್ಪಾಗುತ್ತೆ. ನೀವು ನಗಾಡಿದ್ದಕ್ಕೆ ನಾನು ಕಾಲೇಜ್ ಬಿಟ್ಟಿದ್ದು. ಮದ್ವೆ ಆಮೇಲ್ ಬಂತು."

ಮೇಷ್ಟ್ರ ಅಂಗೈ ತಾನಾಗಿಯೇ ದವಡೆಗೆ ಹೋಯಿತು. ಇನ್ನೊಂದು ಕೈಯಲ್ಲಿ ಮೀನುಗಳನ್ನು ಚೀಲಕ್ಕೆ ಹಾಕತೊಡಗಿದರು. ಎಲ್ಲಿ ನೋಡಬೇಕೆಂದು ತಿಳಿಯದೆ ನಾನು ಮಜ್ಜಿಗೆಯ ಲೋಟ ನೋಡುತ್ತಾ ಕೂತೆ. ಅಷ್ಟು ನಾಚಿಕೆ ನನಗೆ ನನ್ನ ತಪ್ಪುಗಳಿಗೂ ಆಗಿದ್ದಿಲ್ಲ.

ಮರುವರ್ಷ ಅವರಿಗೆ ವರ್ಗವಾಯಿತು, ಮತ್ತೆ ಭೇಟಿಯಾಗಲಿಲ್ಲ. ಹೋಗುವವರೆಗೂ ಅವರು ಕವಚಮೀನಿನ ಪಾಠವನ್ನು ಕೈ ಕಟ್ಟಿ ನಿಂತೇ ಮಾಡಿದರು. ಪಾಠ ಸಪ್ಪೆಯಾಯಿತೆಂದು ಹುಡುಗರು ನನ್ನಲ್ಲಿ ದೂರಿದರು. ನನ್ನ ಕೊಠಡಿಗೆ ಆಚೆಯಿಂದ ಯಾವ ಸದ್ದೂ ಬರುತ್ತಿರಲಿಲ್ಲ.