ಬಾಡಿಗೆ ಕೋಣೆಯಲ್ಲಿ ಐರಣ

ಆಗ ನನಗೆ ಅರವತ್ತೆರಡು, ಆಧಾರ್ ಕಾರ್ಡಿನ ಪ್ರಕಾರ. ನಿಜವಾದ ವಯಸ್ಸು ಗೊತ್ತಿದ್ದ ಅವ್ವ ಸತ್ತುಹೋಗಿದ್ದಾಳೆ. ಇದು ಒಂದು ವರ್ಷ ನಾಲ್ಕು ತಿಂಗಳ ಹಿಂದಿನ ಮಾತು. ಬರೆದದ್ದು ನಾನೇ, ಮೂರನೆಯ ಇಯತ್ತೆವರೆಗೆ ಸಾಲಿ ಕಲಿತ ಅಕ್ಷರದಲ್ಲಿ. ತಪ್ಪು ತಿದ್ದಿದವಳು ಮೊಮ್ಮಗಳು.

ನಾವು ಘಿಸಾಡಿಗಳು, ಹಿಂದೆ ಊರೂರು ಅಲೆದು ಕಬ್ಬಿಣ ಬಡಿಯುತ್ತಿದ್ದ ಮಂದಿ. ಖಾನಾಪುರದಲ್ಲಿ ರಸ್ತೆ ಬದಿಯ ಹುಣಸೆಮರದ ಕೆಳಗೆ ನಮ್ಮ ಕುಲುಮೆ. ಅದರ ಹಿಂದೆಯೇ ತಾಡಪತ್ರಿ ಕಟ್ಟಿದ ಮನೆ. ಕೊಡಲಿ, ಕುಡಗೋಲು, ಈಳಿಗೆ ಮಾಡಿ ಮಾರುತ್ತೇವೆ. ನಮ್ಮಲ್ಲಿ ಕಾದ ಕಬ್ಬಿಣ ಹಿಡಿಯುವವನು ಗಂಡಸು, ಘಣ ಹೊಡೆಯುವವಳು ಹೆಂಗಸು. ಘಣ ಅಂದರೆ ದೊಡ್ಡ ಸುತ್ತಿಗೆ. ಮದುವೆಯಾಗಿ ಬಂದ ವರ್ಷದಿಂದ ಗಂಡನ ಕಬ್ಬಿಣಕ್ಕೆ ಹೊಡೆದೆ. ಅವನು ಹೋದ ಮೇಲೆ ಮಗ ಅರ್ಜುನನ ಕಬ್ಬಿಣಕ್ಕೆ.

ಒಂದು ದಿನ ಘಣ ಎತ್ತಿದಾಗ ಬಲ ಕಂಕುಳಲ್ಲಿ ಚುಚ್ಚಿತು. ನರ ಹಿಡಿದಿದೆ ಅಂದುಕೊಂಡು ಎಣ್ಣೆ ಹಚ್ಚಿದೆ. ಜಳಕ ಮಾಡುವಾಗ ಮೊಲೆಯ ಪಕ್ಕದಲ್ಲಿ ಗಂಟು ಕೈಗೆ ಸಿಕ್ಕಿತು. ಹುಣಸೆಬೀಜದಷ್ಟು. ನೋವಿಲ್ಲ. ನೋವಿಲ್ಲದ್ದಕ್ಕೆ ದವಾಖಾನೆಗೆ ಯಾರು ಹೋಗುತ್ತಾರೆ? ನಾಲ್ಕು ತಿಂಗಳು ಬಿಟ್ಟೆ. ಸೊಸೆ ತಾರಾ ಬೆನ್ನು ತಿಕ್ಕುವಾಗ ಅದನ್ನು ನೋಡಿದಳು. ಅಷ್ಟರಲ್ಲಿ ನಿಂಬೆಹಣ್ಣಿನಷ್ಟಾಗಿತ್ತು.

ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ಸೂಜಿ ಹಾಕಿ ಬಯಾಪ್ಸಿ ಮಾಡಿದರು.

ಕ್ಯಾನ್ಸರ್.

ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಸಣ್ಣ ವಯಸ್ಸಿನವಳು. "ಅಜ್ಜಿ, ಹೆದರಬ್ಯಾಡ್ರಿ" ಅಂದಳು.

"ಹೆದರಿಲ್ಲ. ತಗೀತೀರೋ ಇಲ್ಲೋ, ಅಷ್ಟ ಹೇಳ್ರಿ" ಅಂದೆ.

ತೆಗೆದರು. ಕಂಕುಳಿನ ಗಂಟುಗಳನ್ನೂ ತೆಗೆದರು. ಸರಕಾರದ ಕಾರ್ಡಿನಲ್ಲಿ ಆಪರೇಷನ್ ಆಯಿತು. ಎಚ್ಚರವಾದಾಗ ಎದೆಯ ಬಲಗಡೆ ಬಯಲು. ಅದಕ್ಕೆ ನಾನು ಅಳಲಿಲ್ಲ. ಆರು ಮಕ್ಕಳು ಕುಡಿದು ದೊಡ್ಡವರಾಗಿದ್ದರು, ಅದರ ಕೆಲಸ ಮುಗಿದಿತ್ತು. ಅಳು ಬಂದದ್ದು ಡಾಕ್ಟರ್ ಬಾಯಿ ಆಮೇಲೆ ಆಡಿದ ಮಾತಿಗೆ.

"ಈ ಕೈಲೆ ಇನ್ನ ಭಾರ ಎತ್ತಬಾರದು ನೋಡ್ರಿ. ತುಂಬಿದ ಕೊಡಾ ಸೈತ ಬ್ಯಾಡ. ಕೈ ಬಾತುಕೋತೈತಿ."

ನಮ್ಮ ಘಣ ಐದು ಕಿಲೋ.

ಆಮೇಲೆ ಕರೆಂಟು. ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಇಪ್ಪತ್ತೈದು ಸಲ, ಶನಿವಾರ ರವಿವಾರ ಬಿಟ್ಟು ದಿನವೂ. ನಡುವೆ ತಪ್ಪಿಸಿದರೆ ರೋಗ ತಿರುಗಿ ಬರಬಹುದು ಅಂದರು. ಮೂರು ದಿನ ಖಾನಾಪುರದಿಂದ ಬಸ್ಸಿನಲ್ಲಿ ಓಡಾಡಿದೆ. ಹಗಲು ಬಸ್ಸಿನ ನೂಕಾಟ, ಬಂದು ಮಲಗಿದರೆ ಕುಲುಮೆಯ ಬೂದಿ ಮತ್ತು ಲಾರಿಗಳ ಧೂಳು. ಗಾಯದ ಒಂದು ತುದಿಯಲ್ಲಿ ಕೀವು ಬಂತು. ಡಾಕ್ಟರ್ ಬಾಯಿ ಸಿಟ್ಟಾದಳು. ಒಂದು ಚೀಟಿ ಬರೆದು ಕೊಟ್ಟಳು: ಈ ಪೇಷಂಟ್ ಗೋಡೆ ಇರುವ, ಧೂಳಿಲ್ಲದ ಮನೆಯಲ್ಲಿ ಇರಬೇಕು.

ದವಾಖಾನೆಯ ಬಾಜೂಕ್ಕೆ ಪೇಷಂಟುಗಳಿಗಾಗಿಯೇ ಒಂದು ಧರ್ಮಶಾಲೆ ಇತ್ತು. ಅಲ್ಲಿಯ ಕ್ಲರ್ಕ್ ಮೊದಲು ನನ್ನ, ತಾರಾಳ ಸೀರೆ ನೋಡಿ ಯಾವ ಮಂದಿ ಅಂತ ಕೇಳಿದ, ಆಮೇಲೆ ಚೀಟಿ ನೋಡಿದ.

"ನಿಮ್ಮ ಮಂದೀಗೆ ಒಬ್ಬರಿಗೆ ಕೊಟ್ರ ಹಿಂದ ಇಪ್ಪತ್ತು ಮಂದಿ ಬರತೀರಿ. ಅಂಗಳದಾಗ ಒಲಿ ಹೂಡತೀರಿ. ಜಾಗಾ ಇಲ್ಲ, ನಡೀರಿ."

ಅವನ ಹಿಂದೆ ಆರು ಮಂಚ ಖಾಲಿ ಕಾಣುತ್ತಿದ್ದವು.

ಬೆಳಗಾವಿಯ ಟಿಳಕವಾಡಿಯಲ್ಲಿ ಬಾಡಿಗೆ ಬೋರ್ಡು ನೋಡಿ ನೋಡಿ ಕೇಳಿದೆವು. ನಾಲ್ಕು ಮನೆಯಲ್ಲಿ ನಿಜ ಹೇಳಿದೆವು. ನಾಲ್ಕರಲ್ಲೂ ಕೋಣೆ ಆಗಲೇ ಹೋಗಿದೆ ಅಂದರು, ಬೋರ್ಡು ಮಾತ್ರ ಇಳಿಸಲಿಲ್ಲ. ಐದನೆಯ ಮನೆಯಲ್ಲಿ ತಾರಾ ನನಗಿಂತ ಮೊದಲು ಬಾಯಿ ತೆಗೆದಳು. "ನಾವು ಮರಾಠರ್ರಿ." ನಾನು ತಲೆಯಾಡಿಸಿದೆ.

ಕೋಣೆ ಸಿಕ್ಕಿತು.

ಮಾಲಕಿ ಶಾಂತಕ್ಕ ಸಾಲಿಯಲ್ಲಿ ಕಲಿಸಿ ನಿವೃತ್ತಳಾದವಳು. ಒಳ್ಳೆಯವಳು. ಇದನ್ನು ಬರೆಯಲೇಬೇಕು. ಕರೆಂಟಿಗೆ ಚರ್ಮ ಸುಟ್ಟು ಬಾಯಿಗೆ ಏನೂ ಸೇರದಿದ್ದಾಗ ಅಂಬಲಿ ಮಾಡಿ ಕೊಟ್ಟಳು. ತನ್ನ ಹಳೆಯ ಮೆತ್ತನೆಯ ಸೀರೆ ಹರಿದು ಎದೆಗೆ ಸುತ್ತಲು ಕೊಟ್ಟಳು. ಒಂದು ದಿನ ಅವಳ ಅಡುಗೆಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅವಳು ಈಳಿಗೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಅಲಗಿನ ಬುಡದಲ್ಲಿ ಮೂರು ಚುಕ್ಕಿ ಕಂಡವು. ನನ್ನ ಗಂಡ ತಾನು ಮಾಡಿದ ಸಾಮಾನಿಗೆಲ್ಲ ಹಾಕುತ್ತಿದ್ದ ಗುರುತು. ಆ ಕಬ್ಬಿಣಕ್ಕೆ ಘಣ ಹೊಡೆದವಳು ನಾನು. ಹೇಳಿದ್ದರೆ ಕೋಣೆ ಹೋಗುತ್ತಿತ್ತು. ಬೆಳ್ಳುಳ್ಳಿ ಸುಲಿದೆ.

ಮುಂದಿನ ತಪ್ಪು ನನ್ನದೇ, ತಾರಾಳದ್ದಲ್ಲ. ಐರಣ ಅಂದರೆ ಕಾದ ಕಬ್ಬಿಣವನ್ನಿಟ್ಟು ಬಡಿಯುವ ದಪ್ಪ ಕಬ್ಬಿಣದ ಗಟ್ಟಿ. ನಮಗೆ ಅದೇ ದೇವರು. ಅಮಾವಾಸ್ಯೆಯ ದಿನ ಬೆಂಕಿ ಹಚ್ಚುವುದಿಲ್ಲ, ಐರಣ ತೊಳೆದು ಅರಿಸಿನ ಹಚ್ಚುತ್ತೇವೆ. ಐರಣ ಇಲ್ಲದ ಮನೆಯಲ್ಲಿ ರೋಗಿ ಮಲಗಿದರೆ ಏಳುವುದಿಲ್ಲ ಅಂತ ನಮ್ಮ ಅತ್ತೆ ಹೇಳುತ್ತಿದ್ದಳು. ನಾನು ಮಿಷನ್ನಿನ ಕೆಳಗೆ ಮಲಗಿ ಅದನ್ನೇ ನೆನೆಯುತ್ತಿದ್ದೆ. ಡಾಕ್ಟರರ ಮೇಲೆ ನಂಬಿಕೆ ಇತ್ತು. ಅತ್ತೆಯ ಮೇಲೂ ಇತ್ತು.

"ಸಣ್ಣ ಐರಣ ತಗೊಂಡ ಬಾ" ಅಂದೆ.

"ಅತ್ತಿ, ಯಾರರ ನೋಡಿದ್ರ?" ಅಂದಳು ತಾರಾ.

"ಯಾರ ನೋಡತಾರ? ದೇವರು ಹೊಳ್ಳಿ ಮಾತಾಡತೈತೇನು?"

ಖಾನಾಪುರಕ್ಕೆ ಹೋಗಿ ಕೌದಿಯಲ್ಲಿ ಸುತ್ತಿ ತಂದಳು. ಮೂಲೆಯಲ್ಲಿಟ್ಟು ಅರಿಸಿನ ಹಚ್ಚಿ ಕಾಯಿ ಒಡೆದೆವು. ಅದೇ ಹೊತ್ತಿಗೆ ಶಾಂತಕ್ಕ ಮೊಸರನ್ನ ತಂದಳು. ಬಾಗಿಲಲ್ಲೇ ನಿಂತಳು.

"ಇದೇನಿದು, ಆಯಿ? ಯಾರು ನೀವು?"

"ಘಿಸಾಡಿಗೋಳು" ಅಂದೆ.

"ಸುಳ್ಳು ಹೇಳಿ ನನ್ನ ಮನಿ ಹೊಕ್ಕಿರಿ."

"ಖರೇ ಹೇಳಿದ್ರ ಕೊಡತಿದ್ರೇನ, ಅಕ್ಕಾರ?"

ನಾನು ಈಳಿಗೆಯ ಮೂರು ಚುಕ್ಕಿಯ ಮಾತು ಹೇಳಿದೆ. "ನಾವು ಬಡದಿದ್ದು ನಿಮ್ಮ ಅಡಗಿಮನ್ಯಾಗ ಐತ್ರಿ."

"ಅದು ಬ್ಯಾರೆ" ಅಂದಳು. ಗೋಡೆಯ ಕಡೆ ನೋಡುತ್ತಾ, "ಓಣ್ಯಾನ ಮಂದಿ ಕೇಳತಾರ. ನಾಳೆ ಕೋಣಿ ಬಿಡ್ರಿ" ಅಂದಳು.

ಮೊಸರನ್ನದ ತಾಟು ಮಾತ್ರ ಒಳಗಿಟ್ಟು ಹೋದಳು. ನಾನು ಉಂಡೆ. ಅನ್ನದ ಮೇಲೆ ಏನು ಸಿಟ್ಟು.

ಹದಿನಾಲ್ಕು ಕರೆಂಟು ಮುಗಿದಿದ್ದವು. ಹನ್ನೊಂದು ಉಳಿದಿದ್ದವು. ಅರ್ಜುನ ಫೋನಿನಲ್ಲಿ, "ಸಾಕ ಬಿಡ ಆಯಿ, ಮನೀಗೆ ಬಾ" ಅಂದ. ಅರ್ಧ ಕಾದ ಕಬ್ಬಿಣ ಬಡಿದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿಲ್ಲವೇ? ಬಿರುಕು ಬಿಡುತ್ತದೆ. ಹಾಗೆ ಹೇಳಿ ಫೋನಿಟ್ಟೆ.

ಮರುದಿನ ಕರೆಂಟು ಮುಗಿಸಿಕೊಂಡು ಮತ್ತೆ ಧರ್ಮಶಾಲೆಗೆ ಹೋದೆವು. ತಾರಾ ಹೆಗಲ ಮೇಲಿನ ಕೌದಿಯ ಗಂಟನ್ನು ಕ್ಲರ್ಕಿನ ಮೇಜಿನ ಮೇಲಿಟ್ಟಳು. ಚಾದ ಕಪ್ಪು ಹಾರಿತು.

"ಏನ ಇದು? ತಗೀರಿ, ಮೇಜ ಮುರೀತೈತಿ!"

"ನಮ್ಮ ದೇವರ್ರಿ" ಅಂದೆ. "ನಾನೂ ಅದೂ ಇಬ್ಬರ ಬಂದೇವಿ, ಮೂರನೇದಾಕಿ ನನ್ನ ಸೊಸಿ. ಇಪ್ಪತ್ತು ಮಂದಿ ಇಲ್ಲ, ಎಣಿಸ್ಕೋರಿ."

"ಜಾಗಾ ಇಲ್ಲ ಅಂತ ಅವತ್ತ ಹೇಳೇನಿ."

"ಬರದ ಕೊಡ್ರಿ" ಅಂದೆ. "ಮಂಚ ಖಾಲಿ ಅದಾವ, ಘಿಸಾಡಿ ಅಂತ ಕೊಡೂದಿಲ್ಲ. ಹಂಗ ಬರದ ಸೈ ಮಾಡ್ರಿ. ಡಾಕ್ಟರ್ ಬಾಯಿಗೆ ತೋರಿಸ್ತೀನಿ, ಡಿ.ಸಿ. ಸಾಹೇಬರಿಗೂ ತೋರಿಸ್ತೀನಿ."

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವನು ಪೆನ್ನು ತೆಗೆದ. ಮತ್ತೆ ಮುಚ್ಚಿದ. ಬಾಯಿಯಿಂದ ಓಡಿಸುವವರು ಕಾಗದದ ಮೇಲೆ ಓಡಿಸಲು ಹೆದರುತ್ತಾರೆ. ಇದು ತಿಳಿಯಲು ನನಗೆ ಅರವತ್ತೆರಡು ವರ್ಷ ಬೇಕಾಯಿತು.

ಮೂಲೆಯ ಮಂಚ ಕೊಟ್ಟ. ಐರಣ ಅದರ ಕೆಳಗೆ. ಪಕ್ಕದವಳೊಬ್ಬಳು ತನ್ನ ಮಂಚವನ್ನು ದೂರ ಎಳೆದುಕೊಂಡಳು. ಲೋಂಡಾ ಕಡೆಯವಳೊಬ್ಬಳು ಆ ಖಾಲಿ ಜಾಗದಲ್ಲಿ ಬಂದು ಕೂತು, "ನಿಮ್ಮ ಕುಡಗೋಲು ನಮ್ಮ ಮನ್ಯಾಗ ಅದಾವ, ಛಲೋ ಹರೀತಾವ" ಅಂದಳು. ಇಬ್ಬರ ಮುಖವೂ ನೆನಪಿದೆ.

ಹನ್ನೊಂದೂ ಮುಗಿದವು. ಚರ್ಮ ಕಪ್ಪಾಗಿ ಸುಲಿಯಿತು, ಈಗ ಕೂಡಿದೆ. ದಿನಕ್ಕೊಂದು ಗುಳಿಗೆ, ಆರು ತಿಂಗಳಿಗೊಮ್ಮೆ ಚೆಕಪ್. ಬಲಗೈ ಒಮ್ಮೊಮ್ಮೆ ಬಾತುಕೊಳ್ಳುತ್ತದೆ. ಘಣ ತಾರಾ ಹೊಡೆಯುತ್ತಾಳೆ. ನಾನು ಎಡಗೈಯಿಂದ ಕುಲುಮೆಗೆ ಗಾಳಿ ಊದುವ ಯಂತ್ರ ತಿರುಗಿಸುತ್ತೇನೆ. ಬದುಕಿಸಿದ ಡಾಕ್ಟರ್ ಬಾಯಿಗೆ ಒಂದು ಈಳಿಗೆ ಮಾಡಿಸಿ ಕೊಟ್ಟೆ, ಮೂರು ಚುಕ್ಕಿ ಹಾಕಿ. ತಗೊಂಡಳು. ರೋಗ ಪೂರ್ತಿ ಹೋಯಿತು ಅಂತ ಅವಳೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮನೆ ಕಟ್ಟಲು ತಾಲೂಕು ಕಚೇರಿಯಲ್ಲಿ ಜಾಗ ಕೇಳಿದ್ದೇವೆ, ಇನ್ನೂ ಸಿಕ್ಕಿಲ್ಲ. ನಾವು ಅಲೆಮಾರಿಗಳು, ಒಂದು ಕಡೆ ನಿಲ್ಲುವುದಿಲ್ಲ ಅಂತ ಮೊದಲು ಮೂರು ಸಲ ಬಾಯಿಮಾತಿನಲ್ಲೇ ಓಡಿಸಿದ್ದರು. ಆ ಹುಣಸೆಮರದ ಕೆಳಗೆ ನನ್ನ ಆರೂ ಹೆರಿಗೆ ಆಗಿವೆ.

ನಾಲ್ಕನೆಯ ಸಲ ಕೇಳಿದ್ದು ಹೀಗೆ. ಕೊನೆಯ ಕರೆಂಟು ಮುಗಿಸಿದ ದಿನ ಸಂಜೆ ಖಾನಾಪುರಕ್ಕೆ ಬಂದಿದ್ದೆ. ಮರುದಿನ ಬೆಳಿಗ್ಗೆ ಡಾಕ್ಟರ್ ಬಾಯಿಯ ಚೀಟಿಯನ್ನು ಅರ್ಜಿಗೆ ಹಚ್ಚಿಕೊಂಡು ತಾಲೂಕು ಕಚೇರಿಗೆ ಹೋದೆ. ಬಾಗಿಲು ಇನ್ನೂ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತೆ.

ಸಾಹೇಬ ಬಂದು ಬಾಗಿಲು ತೆಗೆಸಿದ. ಹಿಂದೆಯೇ ಒಳಗೆ ಹೋಗಿ ಅವನೆದುರಿನ ಕುರ್ಚಿಯಲ್ಲಿ ಕೂತೆ. "ಏನ ಆಯಿ, ಮತ್ತ ಬಂದಿ? ಮೊದಲ ಆರಾಮಾಗು, ಆಮ್ಯಾಲೆ ನೋಡೂಣು."

"ಆರಾಮಾಗಾಕ ಗ್ವಾಡಿ ಬೇಕಂತ್ರಿ. ಡಾಕ್ಟರ್ ಬರದಾರ, ಓದ್ರಿ" ಅಂದೆ. "ಇಲ್ಲಾಂದ್ರ ಕೊಡೂದಿಲ್ಲ ಅಂತ ನೀವ ಬರದ ಕೊಡ್ರಿ."

ಅವನು ನನ್ನನ್ನು ನೋಡಿದ, ಚೀಟಿ ನೋಡಿದ. ಅರ್ಜಿ ಇಲ್ಲಿಟ್ಟು ಹೋಗು ಅಂದ. ಅರ್ಜಿ ಮುಟ್ಟಿದ್ದಕ್ಕೆ ಪೋಚ್, ಅಂದರೆ ರಸೀದಿ, ಕೊಡಿರಿ ಅಂದೆ. ಅವನು ಕಚೇರಿಯ ಸಿಕ್ಕಾ ಹೊಡೆದು ಪೋಚ್ ಕೈಗೆ ಕೊಡುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ.